ಗೂಡು ಕಟ್ಟದ ಹುಳುಗಳ ಲೆಕ್ಕ

ಕಳೆದ ಭಾನುವಾರ ಮಾಲೂರಿನ ನಮ್ಮ ಮನೆಯ ಸಂಪು ತೊಳೆಸಿದೆವು. ತೊಳೆಯಲು ಬಂದವರು ಕೊನೆಗೆ ಬ್ಲೀಚಿಂಗ್ ಪುಡಿ ಎರಚಿ ಹೋದರು. ಅದರ ಘಾಟು ಅಡುಗೆಮನೆಯವರೆಗೂ ಬಂತು. ಬೇರೆಯವರಿಗೆ ಆ ವಾಸನೆ ಆಸ್ಪತ್ರೆಯನ್ನು ನೆನಪಿಸುತ್ತದೇನೋ. ನನಗೆ ಮಾತ್ರ ಅದು ರೇಷ್ಮೆ ಹುಳು ಸಾಕುವ ಮನೆಯ ವಾಸನೆ. ಪ್ರತಿ ಬೆಳೆಗೂ ಮುಂಚೆ ಹುಳು ಮನೆಯನ್ನು ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯುತ್ತಾರೆ. ಅಂಥದ್ದೊಂದು ಮನೆಯ ಬಾಗಿಲಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ಕೆಮ್ಮುತ್ತಾ, ಆದರೂ ಒಳಗೆ ಕಾಲಿಟ್ಟ ಮೇಡಂ ಕಣ್ಣ ಮುಂದೆ ಬಂದರು.

ಅವರು ತೀರಿಕೊಂಡ ಸುದ್ದಿ ತಡವಾಗಿ ನನಗೆ ತಿಳಿದು ಆಗ ನಾಲ್ಕು ದಿನವಾಗಿತ್ತು. ಮುಳಬಾಗಿಲಿನ ಅವರ ಮನೆಗೆ ಹೋಗಿ ಬರಬೇಕೋ ಬೇಡವೋ ಎಂದು ನಾನಿನ್ನೂ ತೀರ್ಮಾನ ಮಾಡಿರಲಿಲ್ಲ.

ಹತ್ತು ವರ್ಷ ದಾಟಿತೇನೋ. ರೇಷ್ಮೆ ವಿಷಯದಲ್ಲಿ ಡಿಗ್ರಿ ಮುಗಿಸಿ ನಾನು ಒಂದು ಔಷಧಿ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಆರಾರು ತಿಂಗಳಿಗೊಮ್ಮೆ ಕಾಂಟ್ರಾಕ್ಟ್ ಬರೆಸಿಕೊಳ್ಳುವ ಕೆಲಸ. ಶ್ರೀನಿವಾಸಪುರದಲ್ಲಿ ಒಂದು ಬಾಡಿಗೆ ರೂಮೇ ನಮ್ಮ ಆಫೀಸು. ಕಂಪನಿಯವರು ಒಂದು ದ್ರಾವಣ ತಯಾರಿಸಿದ್ದರು. ಕೊನೆಯ ಹಂತದ ಹುಳುಗಳ ಮೇಲೆ ಅದನ್ನು ಸಿಂಪಡಿಸಿದರೆ ಅವು ಒಂದು ದಿನ ಹೆಚ್ಚಿಗೆ ಸೊಪ್ಪು ತಿಂದು, ದಪ್ಪನೆಯ ಗೂಡು ಕಟ್ಟುತ್ತವೆ ಎಂಬುದು ಅವರ ನಂಬಿಕೆ. ಎಷ್ಟು ಹಾಕಬೇಕು ಎಂಬುದು ಗೊತ್ತಾಗಬೇಕಿತ್ತು. ಅದಕ್ಕೇ ಶ್ರೀನಿವಾಸಪುರ, ಮುಳಬಾಗಿಲು ಸುತ್ತಿನ ಊರುಗಳಲ್ಲಿ ಕೆಲವು ಮನೆಗಳನ್ನು ಆರಿಸಿದ್ದರು. ಒಂದೊಂದು ಮನೆಯಲ್ಲೂ ಐದು ತಟ್ಟೆ ಹುಳು. ಒಂದು ತಟ್ಟೆಗೆ ಬರೀ ನೀರು. ಉಳಿದ ನಾಲ್ಕಕ್ಕೆ ಒಂದಕ್ಕಿಂತ ಒಂದು ಜಾಸ್ತಿ ಡೋಸ್. ಗೂಡಾದ ಮೇಲೆ ಹೋಗಿ ತೂಗಿ ಬರೆದುಕೊಂಡು ಬರುವುದು ನನ್ನ ಪಾಲಿನ ಕೆಲಸ.

ಬೆಳೆ ಮುಗಿಯಿತು. ನಮ್ಮ ಸೂಪರ್‌ವೈಸರ್ ಕಂಪ್ಯೂಟರಿಗೆ ಎಲ್ಲವನ್ನೂ ತುಂಬಿ, ಎರಡು ದಿನ ಕೂತು, ಮೂರನೇ ಡೋಸ್ ಗೆದ್ದಿತು ಎಂದು ಘೋಷಿಸಿದರು. ನೀರಿನ ತಟ್ಟೆಗಿಂತ ಮೂರನೇ ಡೋಸಿನ ಗೂಡು ತೂಕದಲ್ಲಿ ಮುಂದಿತ್ತು. ಬಾಟಲಿಯ ಚೀಟಿಯ ಮೇಲೆ ಅದೇ ಪ್ರಮಾಣ ಅಚ್ಚಾಗುವುದೆಂದಾಯಿತು. ಆದರೆ ವರದಿಗೆ ಸಂಖ್ಯಾಶಾಸ್ತ್ರ ಬಲ್ಲ ಹೊರಗಿನವರೊಬ್ಬರ ಸಹಿ ಬೇಕಿತ್ತು. ಮುಳಬಾಗಿಲಿನಲ್ಲಿ ಮನೆ ಮಾಡಿಕೊಂಡು ಕಾಲೇಜೊಂದರಲ್ಲಿ ಆ ವಿಷಯ ಹೇಳಿಕೊಡುತ್ತಿದ್ದ ಮೇಡಂ ಬಂದದ್ದು ಹಾಗೆ. ಒಂದು ಸಹಿಗೆ ಬಂದವರು. ಸಂಜೆಯ ಬಸ್ಸಿಗೆ ವಾಪಸು ಹೋಗುವವರು ಅಂದುಕೊಂಡಿದ್ದೆವು.

ಐವತ್ತು ದಾಟಿದ ವಯಸ್ಸು. ಕಡ್ಡಿಯಂಥ ಮೈ, ದಪ್ಪ ಗಾಜಿನ ಕನ್ನಡಕ. ಕೊಟ್ಟ ಕಾಫಿ ಆರುತ್ತಿದ್ದರೂ ಕೈಯಲ್ಲಿ ಹಿಡಿದ ಹಾಳೆಯನ್ನು ಕೆಳಗಿಡಲಿಲ್ಲ. ನನ್ನ ಕಡೆಗೆ ತಿರುಗಿ ಅವರು ಆಡಿದ ಮೊದಲ ಮಾತೇ ನನಗೆ ಮುಳ್ಳು ಚುಚ್ಚಿದಂತಾಯಿತು.

"ಇದನ್ನ ಅಲ್ಲೇ ತೂಗಿ ಬರೆದಿದ್ದಾ, ರೂಮಿಗೆ ಬಂದು ಬರೆದಿದ್ದಾ?"

"ಅಲ್ಲೇ ಮೇಡಂ."

"ಹುಳು ಮನೇಲಿ ಕೂತು ಬರೆದ ಹಾಳೆ ಇಷ್ಟು ಚೊಕ್ಕವಾಗಿರುತ್ತಾ?"

ಅವರು ಅನುಮಾನಪಟ್ಟದ್ದು ನಿಜವೇ ಆಗಿತ್ತು. ಆ ಹಾಳೆಗೆ ಸೊಪ್ಪಿನ ಕಲೆ ಹತ್ತಿದ್ದರಿಂದ ರೂಮಿನಲ್ಲಿ ಕೂತು ಮತ್ತೆ ಬರೆದಿದ್ದೆ. ಅಂಕಿ ಒಂದನ್ನೂ ಬದಲಿಸಿರಲಿಲ್ಲ. ಹಾಗೆಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವರು ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ಪ್ರಶ್ನೆ ಚಿಹ್ನೆ ಹಾಕಿದರು.

ಆಮೇಲೆ ಸೂಪರ್‌ವೈಸರ್ ಸರದಿ. "ಯಾವುದನ್ನ ಯಾವುದರ ಜೊತೆ ಹೋಲಿಸಿದ್ದೀರಿ?" ಎಂದು ಮೇಡಂ ಕೇಳಿದರು.

"ಎಲ್ಲವನ್ನೂ ಎಲ್ಲದರ ಜೊತೆ ಮೇಡಂ. ಏನೂ ಬಿಟ್ಟಿಲ್ಲ," ಅಂದರು ಅವರು ಹೆಮ್ಮೆಯಿಂದ.

ಮೇಡಂ ಗೋಡೆಯ ಕ್ಯಾಲೆಂಡರಿನಿಂದ ಹಳೆಯ ತಿಂಗಳ ಹಾಳೆ ಕಿತ್ತು, ಹಿಂಬದಿಯಲ್ಲಿ ಐದು ಚುಕ್ಕಿ ಇಟ್ಟು, ಒಂದೊಂದನ್ನೂ ಉಳಿದವುಗಳಿಗೆ ಗೆರೆ ಎಳೆದು ಜೋಡಿಸಿದರು. ಹತ್ತು ಗೆರೆ. "ಗೂಡಿನ ತೂಕ, ಹುಳು ತೆಗೆದ ಬರೀ ಸಿಪ್ಪೆಯ ತೂಕ, ದಾರದ ಉದ್ದ ಅಂತ ಮೂರು ಅಳತೆ ಬೇರೆ. ಅಲ್ಲಿಗೆ ಮೂವತ್ತು ಪ್ರಶ್ನೆ. ಈ ಪರೀಕ್ಷೆ ನೂರಕ್ಕೆ ಐದು ಸಲ, ವ್ಯತ್ಯಾಸ ಏನೂ ಇಲ್ಲದಿದ್ರೂ 'ಇದೆ' ಅನ್ನುತ್ತೆ. ಅಷ್ಟು ಸುಳ್ಳಿಗೆ ಒಪ್ಪಿಕೊಂಡೇ ನಾವು ಕೇಳೋದು. ಒಂದು ಸಲ ಕೇಳಿದ್ರೆ ಪರವಾಗಿಲ್ಲ. ಮೂವತ್ತು ಸಲ ಕೇಳಿದ್ರೆ ಒಂದೋ ಎರಡೋ 'ಇದೆ' ಸುಮ್ಮನೆ ಬಂದು ಬೀಳುತ್ವೆ. ನಿಮಗೆ ಎಷ್ಟು ಸಿಕ್ಕಿದ್ವು?"

"ಎರಡು," ಅಂದರು ಸೂಪರ್‌ವೈಸರ್, ಮೆಲ್ಲಗೆ.

"ವರದೀಲಿ ಒಂದೇ ಇದೆ. ಇನ್ನೊಂದೆಲ್ಲಿ?"

ಇನ್ನೊಂದು ದಾರದ ಉದ್ದದಲ್ಲಿ ಬಂದಿತ್ತು. ಒಂದನೇ ಡೋಸಿಗೂ ನಾಲ್ಕನೆಯದಕ್ಕೂ ನಡುವೆ. ಅದರಿಂದ ಕಂಪನಿಗೆ ಏನೂ ಉಪಯೋಗವಿರಲಿಲ್ಲ. ಹಾಗಾಗಿ ಬಿಟ್ಟಿದ್ದರು.

ಮೇಡಂ ಅಲ್ಲೇ ಕೂತು ಲೆಕ್ಕವನ್ನು ಬೇರೆ ರೀತಿ ಮಾಡಿದರು. ಡೋಸುಗಳನ್ನು ಪರಸ್ಪರ ಹೋಲಿಸುವುದನ್ನು ಬಿಟ್ಟರು. ನಾಲ್ಕನ್ನೂ ನೀರಿನ ತಟ್ಟೆಯೊಂದರ ಜೊತೆಗೇ ಹೋಲಿಸಿದರು. ನಾಲ್ಕೂ ಸೇರಿ ಒಟ್ಟಿನಲ್ಲಿ ತಪ್ಪುವ ಸಂಭವ ಆ ನೂರಕ್ಕೆ ಐದನ್ನು ಮೀರದಂತೆ ಗೆಲುವಿನ ಗೆರೆಯನ್ನು ಸ್ವಲ್ಪ ಎತ್ತರಿಸಿದರು. ಮೂರನೇ ಡೋಸ್ ಆ ಗೆರೆಯನ್ನು ಮುಟ್ಟಲಿಲ್ಲ.

"ಒಂಚೂರಲ್ಲಿ ತಪ್ಪಿದೆಯಲ್ವಾ ಮೇಡಂ," ಅಂದರು ಸೂಪರ್‌ವೈಸರ್.

"ಹೌದು. ಅದಕ್ಕೇ ಮನೆಗಳನ್ನ ನೋಡ್ಬೇಕು. ನಾಳೆ ಈ ಹುಡುಗೀನ ನನ್ನ ಜೊತೆ ಕಳಿಸಿ."

ಅವರು ಬಸ್ಸಿಗೆ ಹೋದ ಮೇಲೆ ಸೂಪರ್‌ವೈಸರ್ ನನ್ನನ್ನು ಕರೆದು ಕೂರಿಸಿದರು. "ನೋಡಮ್ಮ, ಸಹಿ ಹಾಕೋಕೆ ಬಂದೋರು ಹುಳು ಮನೆ ಯಾಕೆ ಸುತ್ತಬೇಕು? ಆಯಮ್ಮನ ತಮ್ಮನಿಗೆ ಬೇರೆ ಕಂಪನಿ ಔಷಧಿ ಏಜೆನ್ಸಿ ಇದೆಯಂತೆ. ನಮ್ಮ ಮಾಲು ಹೊರಗೆ ಬರಬಾರದು ಅಷ್ಟೇ ಅವರಿಗೆ. ಎಲ್ಲಿಗೆ ಹೋಗ್ತಾರೆ, ಯಾರ ಹತ್ರ ಏನು ಮಾತಾಡ್ತಾರೆ, ಎಷ್ಟೊತ್ತು ಕೂರ್ತಾರೆ, ನಂಗೆ ಫೋನ್ ಮಾಡ್ತಿರು. ನಿನ್ನ ಕೆಲಸ ಪರ್ಮನೆಂಟ್ ಮಾಡೋ ಕಾಗದಾನೂ ಮೇಲಕ್ಕೆ ಕಳಿಸ್ತಿದ್ದೀನಿ."

ನಾನು ನಂಬಿದೆ. ಕೆಲಸದ ಆಸೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಪ್ರಶ್ನೆ ಚಿಹ್ನೆಯ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ನನ್ನನ್ನು ಅನುಮಾನಿಸಿದವರನ್ನು ಅನುಮಾನಿಸಲು ನನಗೊಂದು ಕಾರಣ ಸಿಕ್ಕಿತ್ತು.

ಮಾರನೆಯ ದಿನದಿಂದ ನಾನು ಅವರ ಹಿಂದೆ ಹಿಂದೆಯೇ ನಡೆದೆ. ಅವರು ಏನು ಮಾಡಿದರೂ ನನಗೆ ಎರಡರ್ಥ ಕಾಣುತ್ತಿತ್ತು. ದೇವರಾಯಸಮುದ್ರದ ಒಂದು ಮನೆಯಲ್ಲಿ ತೂಕದ ಯಂತ್ರವನ್ನು ತಿರುವಿ ನೋಡಿ ಯಾವ ಕಂಪನಿಯದೆಂದು ಬರೆದುಕೊಂಡರು. ಯಾರಿಗೆ ಹೇಳಲು? ದಾರಿಯಲ್ಲಿ ಒಂದು ಫೋನ್ ಬಂದಾಗ ಕೆರೆಯ ಏರಿಯ ಕಡೆ ಹತ್ತು ಹೆಜ್ಜೆ ದೂರ ಹೋಗಿ ಮಾತಾಡಿದರು. ಆ ತಮ್ಮನೇ ಇರಬೇಕು. ಇನ್ನೊಂದು ಮನೆಯಲ್ಲಿ ಔಷಧಿ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ಇದನ್ನೆಲ್ಲಾ ನಾನು ಎರಡು ದಿನವೂ ಸೂಪರ್‌ವೈಸರಿಗೆ ಒಪ್ಪಿಸಿದೆ. ಅವರು "ಗುಡ್, ಗುಡ್" ಎನ್ನುತ್ತಿದ್ದರು.

ಮೂರನೆಯ ದಿನ ರಾಯಲ್ಪಾಡಿನ ಕಡೆ ಹೋದೆವು. ಅಲ್ಲಿ ಒಬ್ಬ ಅಕ್ಕ ಹುಳು ಸಾಕುತ್ತಿದ್ದರು. ಗಂಡ ಮಾವಿನ ತೋಟ ನೋಡಿಕೊಂಡರೆ ಹುಳು ಮನೆ ಪೂರ್ತಿ ಇವರದೇ. ಹಿಂದಿನ ಬೆಳೆ ಇಳಿಸಿ, ಬ್ಲೀಚಿಂಗ್ ಹೊಡೆದು ತೊಳೆಯುತ್ತಿದ್ದ ದಿನ ಅದು. ಮೇಡಂ ಮೂಗು ಮುಚ್ಚಿಕೊಂಡು ಒಳಗೆ ಹೋಗಿ, ಗೋಡೆಗೆ ಒರಗಿಸಿದ್ದ ಬಿದಿರಿನ ಚಂದ್ರಿಕೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವುದು ಅವುಗಳ ಮೇಲೇ. ಆಮೇಲೆ ಆ ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತು ಸರಾಗವಾದ ತೆಲುಗಿನಲ್ಲಿ ಮಾತಿಗೆ ಶುರುಮಾಡಿದರು. ತರಗತಿಯ ಕನ್ನಡ ಆಡುತ್ತಿದ್ದ ಇವರಿಗೆ ನಮ್ಮ ಮನೆಯ ತೆಲುಗು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅದೂ ನನ್ನ ಅನುಮಾನದ ಗಂಟಿಗೆ ಸೇರಿತು.

ಔಷಧಿ ಹಾಕಿದ ತಟ್ಟೆಗಳು ಹೇಗಿದ್ದವು ಎಂದು ಮೇಡಂ ಕೇಳಿದರು. ಅಕ್ಕ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟರು.

"ಮೂಡು, ನಾಲುಗು ನಂಬರ್ಲೋ ಚಾಲಾ ಪುರುಗುಲು ಗೂಡೇ ಕಟ್ಟಲೇದಮ್ಮಾ. ಮೀ ಪಾಪ ಚೂಸಿಂದಿ ಕದಾ," ಅಂದರು.

ಮೂರು, ನಾಲ್ಕನೇ ಡೋಸಿನಲ್ಲಿ ಬಹಳ ಹುಳು ಗೂಡೇ ಕಟ್ಟಲಿಲ್ಲ, ನಿಮ್ಮ ಹುಡುಗಿ ನೋಡಿದ್ದಾಳಲ್ಲ… ನಾನು ನೆಲ ನೋಡಿದೆ.

ನೋಡಿದ್ದೆ. ಚಂದ್ರಿಕೆಗೆ ಬಿಟ್ಟ ಮೇಲೂ ಅವು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಾ ತಿರುಗುತ್ತಲೇ ಇದ್ದವು. ತಿನ್ನುವುದೂ ಇಲ್ಲ, ನೂಲು ಬಿಡುವುದೂ ಇಲ್ಲ. ಕೊನೆಗೆ ಕಪ್ಪಾಗಿ ಉದುರಿದ್ದವನ್ನು ಅಕ್ಕ ಗುಂಡಿಗೆ ಹಾಕಿದ್ದರು. ಹಾಳೆಯಲ್ಲಿ ಅವಕ್ಕೊಂದು ಕಾಲಂ ಇರಲಿಲ್ಲ. ಸೂಪರ್‌ವೈಸರನ್ನು ಕೇಳಿದ್ದಕ್ಕೆ, "ಗೂಡೇ ಕಟ್ಟದ ಹುಳಕ್ಕೆ ತೂಕ ಎಲ್ಲಿಂದ ಬರುತ್ತಮ್ಮ? ಬಿಟ್ಟುಬಿಡು," ಅಂದಿದ್ದರು. ಬಿಟ್ಟಿದ್ದೆ. ಕಟ್ಟಿದ ಹುಳುಗಳ ಗೂಡು ದಪ್ಪವೇ ಇತ್ತು. ಗೆದ್ದದ್ದು ಅವುಗಳ ಸರಾಸರಿ.

ಮೇಡಂ ನನ್ನ ಕಡೆ ತಿರುಗಿ ನೋಡದೆಯೇ, "ನೀನು ಸ್ವಲ್ಪ ಹೊರಗಿರು," ಅಂದರು.

ಹೊರಗೆ ಹುಣಸೆ ಮರದ ಕೆಳಗೆ ನಿಂತೆ. ಎಲ್ಲ ನನ್ನ ಮೇಲೆ ಬರುತ್ತದೆ, ಬರೆದವಳು ನಾನೇ ತಾನೇ… ಆ ಭಯದಲ್ಲಿ ಫೋನ್ ತೆಗೆದೆ. "ಸರ್, ನನ್ನನ್ನ ಹೊರಗೆ ಕಳಿಸಿ ಅರ್ಧ ಗಂಟೆಯಿಂದ ತೆಲುಗಲ್ಲಿ ಗುಟ್ಟಾಗಿ ಮಾತಾಡ್ತಿದ್ದಾರೆ." ಅರ್ಧ ಗಂಟೆ ಆಗಿರಲಿಲ್ಲ. ಹತ್ತು ನಿಮಿಷವೂ ಆಗಿರಲಿಲ್ಲ. ಗುಟ್ಟೇನೂ ಇರಲಿಲ್ಲ, ಅವರ ದನಿ ನನಗೆ ಮರದ ಕೆಳಗೂ ಕೇಳುತ್ತಿತ್ತು.

ಶ್ರೀನಿವಾಸಪುರದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಅವರು ಏನಾದರೂ ಕೇಳುವ ಮುಂಚೆ ನಾನೇ ಮೇಲೆ ಬೀಳಬೇಕೆನಿಸಿತು.

"ನಿಮ್ಮ ತಮ್ಮ ಯಾವ ಕಂಪನಿ ಏಜೆನ್ಸಿ ಇಟ್ಕೊಂಡಿದ್ದಾರೆ ಮೇಡಂ?"

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಯಾವ ತಮ್ಮ? ನಮ್ಮಪ್ಪನಿಗೆ ನಾವು ಮೂರು ಜನಾನೂ ಹೆಣ್ಣುಮಕ್ಕಳೇ ಕಣೇ. ನಂಗೆ ತಮ್ಮ ಎಲ್ಲಿಂದ ಬಂದ?"

ಅವರು ನಕ್ಕರು. ಆಮೇಲೆ ನಗು ನಿಂತಿತು. ಯಾರು ಹೇಳಿದ್ದು ಎಂದು ಕೇಳಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತರು. ಮೂರು ದಿನ ನಾನು ಒಬ್ಬ ಇಲ್ಲದ ಮನುಷ್ಯನನ್ನು ಹಿಡಿಯಲು ಅವರ ಬೆನ್ನು ಕಾದಿದ್ದೆ.

ನನ್ನ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇತ್ತು. ಕಾಲಂ ಇಲ್ಲದಿದ್ದರೂ ಗೂಡು ಕಟ್ಟದ ಹುಳುಗಳನ್ನು ಎಣಿಸಿ, ಮನೆ ಮನೆಯದನ್ನೂ ಅದರಲ್ಲಿ ಗುರುತು ಹಾಕಿಕೊಂಡಿದ್ದೆ. ಕಾಲೇಜಿನಲ್ಲಿ ಕಲಿತ ಅಭ್ಯಾಸ. ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮುಳಬಾಗಿಲಿಗೆ ಹೋಗಿ ಅವರ ಮನೆಯ ಬಾಗಿಲಲ್ಲಿ ಅದನ್ನು ಕೊಟ್ಟೆ. ಹಾಳೆಯನ್ನು ರೂಮಿನಲ್ಲಿ ಕೂತು ಮತ್ತೆ ಬರೆದದ್ದನ್ನೂ ಹೇಳಿದೆ. ಅವರು ನಿಂತಲ್ಲೇ ಪುಟ ತಿರುಗಿಸಿದರು.

"ಪೆನ್ಸಿಲಲ್ಲಿ ಯಾಕೆ ಬರೆದಿದ್ದೀಯ?"

"ಬೇಕಾದ್ರೆ ಅಳಿಸಬಹುದು ಅಂತ."

"ಅಳಿಸಲಿಲ್ಲವಲ್ಲ. ಒಳಗೆ ಬಾ, ತಿಂಡಿ ತಿನ್ನು."

ಫೋನಿನ ಮಾತನ್ನು ಮಾತ್ರ ಹೇಳಲಿಲ್ಲ. ಅಂದು ಉಪ್ಪಿಟ್ಟು ತಿನ್ನುತ್ತಾ ಹೇಳಿಬಿಡಬೇಕಿತ್ತು…

ಮೇಡಂ ಸಹಿ ಹಾಕಲಿಲ್ಲ. ಪ್ರಯೋಗವನ್ನು ಮೊದಲಿನಿಂದ ಮಾಡಬೇಕೆಂದು ಬರೆದರು, ಆ ನೋಟ್‌ಬುಕ್ಕಿನ ಎಣಿಕೆಯನ್ನೂ ಸೇರಿಸಿ. ಕಂಪನಿಯ ಮೇಲಿನವರು ಅದನ್ನು ಓದಿ ಗಾಬರಿಯಾದರು. ಹಾಗೇ ಮಾರಿದ್ದರೆ ಎಷ್ಟು ಮನೆಯ ಬೆಳೆ ಗುಂಡಿ ಸೇರುತ್ತಿತ್ತೋ. ಸೂಪರ್‌ವೈಸರನ್ನು ಬೇರೆ ಜಿಲ್ಲೆಗೆ ಕಳಿಸಿದರು. ನನ್ನನ್ನು ತೆಗೆಯಲಿಲ್ಲ. ಮೇಡಂ ಹೇಳಿದ್ದರಿಂದ ಎಂದು ಆಮೇಲೆ ತಿಳಿಯಿತು.

ಎರಡನೇ ಸಲ ಹುಳು ಬಿಡುವ ಮುಂಚೆಯೇ ಮೇಡಂ ಒಂದು ಹಾಳೆಯಲ್ಲಿ ಯಾವುದನ್ನು ಯಾವುದರ ಜೊತೆ ಹೋಲಿಸುತ್ತೇವೆ ಎಂದು ಬರೆದು, ದಿನಾಂಕ ಹಾಕಿ, ಲಕೋಟೆಯಲ್ಲಿಟ್ಟು ಅಂಟಿಸಿದರು. ಅಳತೆ ಒಂದೇ: ತಟ್ಟೆಗೆ ಬಿಟ್ಟ ಹುಳು ಇಷ್ಟು, ಕೊನೆಗೆ ಸಿಕ್ಕಿದ ಗೂಡಿನ ಒಟ್ಟು ತೂಕ ಇಷ್ಟು. ಹೋಲಿಕೆ ನಾಲ್ಕೇ, ಎಲ್ಲವೂ ನೀರಿನ ತಟ್ಟೆಯ ಜೊತೆ. ನನಗೂ ಬಿಡಿಸಿ ಹೇಳಿದರು. "ಸಾಮಾನ್ಯವಾಗಿ ಮೇಲಿನ ಡೋಸಿಂದ ಶುರುಮಾಡಿ ಮೆಟ್ಟಿಲು ಇಳೀತಾ ಬರೋ ಒಂದು ಪದ್ಧತಿ ಇದೆ. ನೀರಿಗಿಂತ ಬೇರೆಯಾಗಿ ಕಾಣೋವರೆಗೂ ಇಳಿಯೋದು, ಕಾಣದೇ ಹೋದ ಕಡೆ ನಿಲ್ಲೋದು. ಆದ್ರೆ ಅದಕ್ಕೆ, ಡೋಸ್ ಏರಿದಷ್ಟೂ ಫಲ ಏರುತ್ತೆ ಅನ್ನೋ ನಂಬಿಕೆ ಬೇಕು. ಇಲ್ಲಿ ಮೇಲಿನ ಮೆಟ್ಟಿಲೇ ಮುರಿದಿದೆಯಲ್ಲ, ಇಳಿಯೋಕೆ ಶುರುಮಾಡೋದು ಎಲ್ಲಿಂದ?"

ಆ ಬೆಳೆಯುದ್ದಕ್ಕೂ ನಾನು ತೂಗಿದ್ದನ್ನೆಲ್ಲಾ ಅವರು ಇನ್ನೊಂದು ಸಲ ತೂಗಿಸಿದರು. ಸಂಕಟವಾಗಿ ಒಂದು ದಿನ ಕೇಳಿಯೇಬಿಟ್ಟೆ, ಇನ್ನೂ ನನ್ನ ಮೇಲೆ ಅನುಮಾನವಾ ಎಂದು. "ನನ್ನ ಮೇಲೂ ಇದೆ. ಅದಕ್ಕೇ ನಾನು ಬರೆದದ್ದನ್ನ ನಿನ್ನ ಕೈಲಿ ಓದಿಸ್ತೀನಿ," ಅಂದರು.

ಹಾಗೆ ತೂಗುತ್ತಿದ್ದ ಒಂದು ಮಧ್ಯಾಹ್ನ, ಅದೇ ರಾಯಲ್ಪಾಡಿನ ಅಕ್ಕನ ಜಗಲಿಯಲ್ಲಿ, ಮೇಡಂ ತಾವಾಗಿಯೇ ಮಾತು ತೆಗೆದರು. "ನಮ್ಮ ಕಾಲೇಜಿಗೆ ಯಾರೋ ಕಾಗದ ಬರೆದಿದ್ದಾರೆ ಕಣೇ. ನಾನು ಬೇರೆ ಕಂಪನಿಯೋರ ಜೊತೆ ಸೇರ್ಕೊಂಡಿದ್ದೀನಂತೆ. ವಿಚಾರಣೆ ನಡೀತಿದೆ. ಈ ಸಲ ಪರೀಕ್ಷೆ ಕೆಲಸದಿಂದೆಲ್ಲ ದೂರ ಇಟ್ಟಿದ್ದಾರೆ." ಕೈಯಲ್ಲಿದ್ದ ಗೂಡನ್ನು ತಕ್ಕಡಿಗೆ ಹಾಕುತ್ತಾ ಮುಂದುವರಿಸಿದರು. "'ಜೊತೆಗಿದ್ದವರನ್ನು ಹೊರಗೆ ಕಳಿಸಿ ಅರ್ಧ ಗಂಟೆ ತೆಲುಗಿನಲ್ಲಿ ಗುಟ್ಟಾಗಿ ಮಾತಾಡಿದರು' ಅಂತಾನೂ ಬರೆದಿದ್ದಾರೆ."

ನನ್ನ ಮಾತೇ ಅದು. ಸೂಪರ್‌ವೈಸರ್ ಹೋಗುವ ಮುಂಚೆ ಮಾಡಿ ಹೋದ ಕೆಲಸ. ಕಾಗದ ಅವರದು, ಒಳಗಿನ ಮಾತು ನನ್ನದು.

ಆ ದಿನ ಅಲ್ಲಿದ್ದವರು ಮೂವರೇ. ಮೇಡಂಗೆ ಅಷ್ಟು ಲೆಕ್ಕ ಬರುವುದಿಲ್ಲವೇ? ಅವರು ನನ್ನ ಮುಖ ನೋಡಿದರು. ಎಷ್ಟು ಹೊತ್ತು ನೋಡಿದರೋ…

"ತೂಕ ಓದು," ಅಂದರು.

ಓದಿದೆ. ಅವರು ಬರೆದುಕೊಂಡರು.

ಲಕೋಟೆ ಒಡೆದು ಲೆಕ್ಕ ಮಾಡಿದಾಗ ಎರಡನೇ ಡೋಸ್ ಒಂದೇ ನೀರಿನ ತಟ್ಟೆಗಿಂತ ಮುಂದಿತ್ತು. ಅದೂ ಬಹಳವೇನಲ್ಲ. ಮೂರರಲ್ಲಿ ಗೂಡು ದಪ್ಪ, ಆದರೆ ಸಂಖ್ಯೆ ಕಡಿಮೆ. ನಾಲ್ಕು ನೀರಿಗಿಂತಲೂ ಹಿಂದೆ. ಈ ಸಲ ಮೇಡಂ ಸಹಿ ಹಾಕಿದರು. ಬಾಟಲಿಯ ಮೇಲೆ ಎರಡನೇ ಡೋಸ್ ಅಚ್ಚಾಯಿತು. ಕಾಲೇಜಿನ ವಿಚಾರಣೆಯಲ್ಲಿ ಏನೂ ಸಿಗಲಿಲ್ಲ. ಆದರೆ ಸಣ್ಣ ಊರು. ಏನೂ ಸಿಗಲಿಲ್ಲ ಎಂಬುದು ವಿಚಾರಣೆ ನಡೆದ ಸುದ್ದಿಯಷ್ಟು ದೂರ ಹೋಗಲಿಲ್ಲ. ಅವಧಿಗೆ ಮುಂಚೆಯೇ ಮೇಡಂ ನಿವೃತ್ತಿ ತೆಗೆದುಕೊಂಡರು. ಬೀಳ್ಕೊಡುಗೆ ಬೇಡ ಅಂದರಂತೆ.

ಆಮೇಲೆ ಮೂರು ಸಲ ಅವರ ಮನೆಗೆ ಹೋಗಿದ್ದೆ. ಮೂರು ಸಲವೂ ಹೇಳಬೇಕೆಂದೇ ಹೋದದ್ದು. ನನ್ನ ಮದುವೆಗೆ ಕರೆಯುವಾಗ ಒಂದು ಸಲ, ಮಗುವನ್ನು ತೋರಿಸಲು ಒಂದು ಸಲ, ಕಾರಣವೇ ಇಲ್ಲದೆ ಇನ್ನೊಂದು ಸಲ. ಅವರು ಕಾಫಿ ಕೊಟ್ಟರು, ಕೆಲಸದ ವಿಷಯ ಕೇಳಿದರು, ಎಷ್ಟು ತಟ್ಟೆ, ಯಾವುದರ ಜೊತೆ ಹೋಲಿಕೆ ಎಂದು ವಿಚಾರಿಸಿದರು. ಆ ಕಾಗದದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬುಧವಾರ ಮುಳಬಾಗಿಲಿಗೆ ಹೋದೆ. ಹದಿಮೂರನೇ ದಿನದ ಕಾರ್ಯ ಮುಗಿದಿತ್ತು. ಮನೆಯಲ್ಲಿ ಅವರ ಮಗಳು ಒಬ್ಬಳೇ ಇದ್ದಳು. ಅದೇ ಕಡ್ಡಿಯಂಥ ಮೈ. ಅಮ್ಮನ ಕೊನೆಯ ದಿನಗಳ ಬಗ್ಗೆ ಹೇಳಿದಳು. ನಡುವೆ ತಾನಾಗಿಯೇ ಕೇಳಿದಳು.

"ಅಮ್ಮನ ಮೇಲೆ ಆಗ ಯಾರೋ ಕಾಲೇಜಿಗೆ ಬರೆದಿದ್ರಲ್ಲ ಅಕ್ಕ. ನೀವು ಆ ಟೈಮಲ್ಲಿ ಅಮ್ಮನ ಜೊತೇನೇ ಇದ್ರಿ. ನಿಮಗೇನಾದ್ರೂ ಗೊತ್ತಾ? ಅಮ್ಮ ಯಾವತ್ತೂ ಬಾಯಿ ಬಿಡಲಿಲ್ಲ."

ಹೇಳಿದೆ. ಹುಣಸೆ ಮರ, ಫೋನು, ಅರ್ಧ ಗಂಟೆ ಎಂದ ಹತ್ತು ನಿಮಿಷ, ಎಲ್ಲವನ್ನೂ. ನಾನು ಮುಗಿಸಿದ ಮೇಲೆ ಅವಳು ನನ್ನ ಮುಂದಿದ್ದ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ನೀರು ಬಿಟ್ಟು ತೊಳೆಯುವ ಸದ್ದು ಬಹಳ ಹೊತ್ತು ಕೇಳಿತು.

ನಾನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೇಟಿನವರೆಗೂ ಬಂದಳು. ಹೋಗಿ ಬನ್ನಿ ಅನ್ನಲಿಲ್ಲ. ಸಾವಾದ ಮನೆಯಲ್ಲಿ ಆ ಮಾತು ಆಡಬಾರದೆಂಬ ರೂಢಿಯಿಂದಲೋ, ನಾನು ಹೇಳಿದ್ದಕ್ಕೋ… ಅವಳ ಮುಖ ನೋಡಿ ತಿಳಿದುಕೊಳ್ಳುವ ಧೈರ್ಯ ನನಗಾಗಲಿಲ್ಲ. ನಾನೂ ಬರ್ತೀನಿ ಅನ್ನದೆ ರಸ್ತೆಗಿಳಿದೆ.